ಯಂತ್ರಕ್ಕೂ ಪಾಠ ಹೇಳಬೇಕೆಂದ ಅಲನ್ ಟ್ಯೂರಿಂಗ್

ಕಂಪ್ಯೂಟರ್ ವಿಜ್ಞಾನದ ಪಿತಾಮಹರೆನಿಸಿದ ಅಲನ್ ಟ್ಯೂರಿಂಗ್ ಅವರು 1912ನೇ ಇಸವಿ ಜೂನ್ 23ರಂದು ಲಂಡನ್ನಿನಲ್ಲಿ ಜನಿಸಿದರು. ಇವರ ತಂದೆ ಜೂಲಿಯಸ್ ಬ್ರಿಟಿಷರ ಕಾಲದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲೂ ಅಧಿಕಾರಿಯಾಗಿದ್ದರು. ತಾಯಿಯ ತಂದೆ ಸ್ಟೋನಿ ಎಂಬುವರು ರೈಲ್ವೆ ಇಂಜಿನಿಯರು, ತುಂಗಭದ್ರಾ ನದಿಗೆ ಸೇತುವೆ ಕಟ್ಟಿಸಿದವರು. ಅಪ್ಪ ಅಮ್ಮ ಇಂಡಿಯಾದಲ್ಲಿ ಇರಬೇಕಾಗಿತ್ತು. ಹಾಗಾಗಿ ಎರಡು ವರ್ಷ ತುಂಬುವ ಮೊದಲೇ ಮಗು, ಪಾಪ, ಇಂಗ್ಲೆಂಡಿನಲ್ಲಿ ಬೇರೆಯವರ ಮನೆ ಸೇರಿತು. ಓದುವುದನ್ನು ಒಂದು ಪುಸ್ತಕ ಹಿಡಿದು ಸುಮಾರು ಮೂರು ವಾರದಲ್ಲಿ ತಾನೇ ಕಲಿತನಂತೆ!

1936ರಲ್ಲಿ ಹಂತ ಹಂತವಾಗಿ ಲೆಕ್ಕ ಮಾಡುವ ಯಂತ್ರವೊಂದನ್ನು ಇವರು ಕಾಗದದ ಮೇಲೆ ಕಲ್ಪಿಸಿದರು. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಎನಿಗ್ಮಾ ಗುಪ್ತ ಸಂದೇಶಗಳನ್ನು ಇತರರೊಂದಿಗೆ ಸೇರಿ ಬಿಡಿಸಿದರು.

1948ರಲ್ಲಿ ಒಂದು ವರದಿ ಬರೆದರು. ಹುಟ್ಟಿದ ಮಗುವಿನ ಮೆದುಳಿಗೆ ವ್ಯವಸ್ಥೆ ಇರೋದಿಲ್ಲ, ಅದು ಕಲಿಸಿದಂತೆ ಬರುತ್ತದೆ, ಯಂತ್ರವನ್ನೂ ಹಾಗೇ ತರಬೇತು ಮಾಡಬಹುದು ಅಂತ. ಅವರ ಪ್ರಯೋಗಾಲಯದ ನಿರ್ದೇಶಕರು ಇದು ಶಾಲಾ ಹುಡುಗನ ಪ್ರಬಂಧದ ಹಾಗಿದೆ ಎಂದು ಹೀಯಾಳಿಸಿದರು. (ನಮ್ಮ ಪ್ರಬಂಧಗಳು ಅಷ್ಟು ಕೆಟ್ಟದಾಗಿರುತ್ತವಾ?) ಅದು ಅಚ್ಚಾದದ್ದು 1968ರಲ್ಲಿ.

ಟ್ಯೂರಿಂಗ್ ಬಿಡಲಿಲ್ಲ. 1950ರಲ್ಲಿ ಮತ್ತೆ ಬರೆದರು. ದೊಡ್ಡವರ ಬುದ್ಧಿಯನ್ನೇ ಒಮ್ಮೆಲೇ ಯಂತ್ರದಲ್ಲಿ ತುಂಬುವ ಬದಲು ಮಗುವಿನಂಥ ಯಂತ್ರ ಮಾಡಿ ಅದಕ್ಕೆ ಪಾಠ ಹೇಳಬೇಕು. ಸರಿ ಮಾಡಿದರೆ ಬಹುಮಾನ, ತಪ್ಪಿದರೆ ಶಿಕ್ಷೆ. ಆದರೆ ಅಷ್ಟೇ ಸಾಲದು, ಮಾತಿನಲ್ಲೂ ತಿಳಿಸಿ ಹೇಳಬೇಕು. ಅದನ್ನು ಶಾಲೆಗೆ ಕಳಿಸಿದರೆ ಮಕ್ಕಳು ಗೇಲಿ ಮಾಡ್ತಾರೆ ಎಂಬ ಚಿಂತೆಯೂ ಅವರಿಗಿತ್ತು! ಶಿಷ್ಯ ಯಂತ್ರದ ಒಳಗೆ ಏನು ನಡೆಯುತ್ತಿದೆ ಎಂದು ಗುರುವಿಗೆ ಪೂರ್ತಿ ತಿಳಿಯದು ಎಂದೂ ಬರೆದರು. ನಮ್ಮ ಮೇಷ್ಟ್ರಿಗೂ ಹಾಗೇ ಅಲ್ವಾ?

ಮುಂದೆ 1983ರಲ್ಲಿ ಅಮೆರಿಕದಲ್ಲಿ ನ್ಯೂವೆಲ್, ಲೇರ್ಡ್, ರೋಸೆನ್‌ಬ್ಲೂಮ್ ಎಂಬ ಮೂವರು ಸೋರ್ ಎಂಬ ಕಂಪ್ಯೂಟರ್ ಬುದ್ಧಿ ರಚಿಸಿದರು. ಅದು ಮಧ್ಯದಲ್ಲಿ ದಾರಿ ತೋಚದೆ ನಿಂತರೆ, ಆ ತೊಡಕನ್ನೇ ಚಿಕ್ಕ ಲೆಕ್ಕ ಮಾಡಿಕೊಂಡು ಬಿಡಿಸುತ್ತದೆ. ಬಿಡಿಸಿದ್ದನ್ನು ಹೊಸ ನಿಯಮವಾಗಿ ಇಟ್ಟುಕೊಳ್ಳುತ್ತದೆ. ಮುಂದಿನ ಸಲ ಅಂಥದ್ದೇ ಬಂದರೆ ನಿಲ್ಲೋದಿಲ್ಲ. ನಾವು ಮಗ್ಗಿ ಕಲಿತ ಮೇಲೆ ಬೆರಳು ಎಣಿಸೋದು ಬಿಡುತ್ತೇವಲ್ಲ, ಹಾಗೆ.

ಇದನ್ನೆಲ್ಲ ನೋಡಲು ಟ್ಯೂರಿಂಗ್ ಇರಲಿಲ್ಲ. ಗಂಡಸಾಗಿದ್ದು ಗಂಡಸನ್ನೇ ಪ್ರೀತಿಸಿದ್ದು ಅಂದಿನ ಕಾನೂನಿನಲ್ಲಿ ಅಪರಾಧವೆಂದು 1952ರಲ್ಲಿ ಕೋರ್ಟು ಅವರಿಗೆ ಶಿಕ್ಷೆ ಕೊಟ್ಟಿತು. ಜೈಲಿನ ಬದಲು ಒಂದು ವರ್ಷ ಹಾರ್ಮೋನು ಔಷಧಿ ತೆಗೆದುಕೊಳ್ಳಬೇಕಾಯಿತು. 1954ರ ಜೂನ್ 7ರಂದು ಸಯನೈಡ್ ವಿಷದಿಂದ ತೀರಿಕೊಂಡರು. ಆಗ ಬರೀ 41 ವರ್ಷ. 2013ರಲ್ಲಿ ರಾಣಿ ಎಲಿಜಬೆತ್ ಅವರಿಗೆ ಕ್ಷಮಾದಾನ ಕೊಟ್ಟರು. ತಪ್ಪೇ ಮಾಡದವರಿಗೆ ಕ್ಷಮೆ ಯಾಕೆ ಅಂತ ನನಗೆ ಅರ್ಥವಾಗಲಿಲ್ಲ. 2021ರಲ್ಲಿ ಬಂದ ಅಲ್ಲಿನ 50 ಪೌಂಡ್ ನೋಟಿನ ಮೇಲೆ ಅವರ ಚಿತ್ರವಿದೆ.

– 7ನೇ ತರಗತಿ, ಬಿಳೇಕಹಳ್ಳಿ