ಲಿಯೊನಾರ್ಡ್ ನೂನ್: ಹೂಪುಡಿಯನ್ನೇ ಮದ್ದು ಮಾಡಿದ ವೈದ್ಯ

ಊರು ಬಿಟ್ಟು ಬಂದವರಿಗೆ ನೀರು, ಊಟ ಹೇಗೋ ಒಗ್ಗುತ್ತವೆ. ಗಾಳಿ ಒಗ್ಗುವುದೇ ಕಷ್ಟ. ದೆಹಲಿ, ಪುಣೆ ಸೇರಿ ಎರಡು ಮೂರು ವರ್ಷವಾದ ಮೇಲೆ ಸೀನು, ಕಣ್ಣುರಿ ಅಂಟಿಸಿಕೊಂಡ ನಮ್ಮವರು ಬಹಳ. ಕೆಲವರಿಗೆ ವೈದ್ಯರು ಅಲರ್ಜಿಯ ಇಂಜೆಕ್ಷನ್ ಬರೆದುಕೊಡುತ್ತಾರೆ. ಅದರ ಮೂಲಪುರುಷ ಲಿಯೊನಾರ್ಡ್ ನೂನ್.

1877ರಲ್ಲಿ ಹುಟ್ಟಿದ ನೂನ್ ಕೆಲಸ ಮಾಡಿದ್ದು ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ, ಟೈಫಾಯ್ಡ್ ಲಸಿಕೆಗೆ ಹೆಸರಾದ ಆಲ್ಮ್ರೋತ್ ರೈಟ್ ಅವರ ವಿಭಾಗದಲ್ಲಿ. ಮುಂದೆ ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ ಕೂಡ ಅಲ್ಲಿಯವರೇ. ಹುಲ್ಲು ಹೂಬಿಡುವ ಕಾಲಕ್ಕೆ ಇಂಗ್ಲೆಂಡಿನಲ್ಲಿ ಕಾಡುವ ಹೇ ಫೀವರಿಗೆ ಪರಾಗವೇ ಕಾರಣವೆಂದು ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿ 1873ರಲ್ಲೇ ತೋರಿಸಿದ್ದರು. ಪಾಪ, ಅವರೂ ಅದೇ ಕಾಯಿಲೆಯವರು.

ಪರಾಗದಲ್ಲಿ ವಿಷವಿದೆ, ಸ್ವಲ್ಪ ಸ್ವಲ್ಪವೇ ಕೊಟ್ಟರೆ ದೇಹ ಪ್ರತಿವಿಷ ತಯಾರಿಸುತ್ತದೆ ಎಂಬುದು ನೂನ್ ಅವರ ನಂಬಿಕೆ. ತಿಮೋತಿ ಹುಲ್ಲಿನ ಪರಾಗದಿಂದ ಸಾರ ತೆಗೆದರು. ಒಂದು ಮಿಲಿಗ್ರಾಂ ಪರಾಗದ ಸಾವಿರದಲ್ಲೊಂದು ಪಾಲಿನಿಂದ ಬರುವ ಸಾರವೇ ಅವರ ಅಳತೆಯ ಒಂದು ಯೂನಿಟ್. ರೋಗಿಯ ಕಣ್ಣಿಗೆ ತೀರಾ ತೆಳು ಮಾಡಿದ ಹನಿ ಬಿಡುವುದು, ಕೆಂಪಾಗದಿದ್ದರೆ ಇನ್ನಷ್ಟು ಗಟ್ಟಿ ಹನಿ. ಹೀಗೆ ಸಹಿಸುವ ಶಕ್ತಿಯನ್ನೇ ಅಳೆದರು. ಆಮೇಲೆ ಚರ್ಮದಡಿ ಚುಚ್ಚುತ್ತ ಪ್ರಮಾಣ ಏರಿಸಿದರು, ಮತ್ತೆ ಕಣ್ಣಿನಲ್ಲಿ ಪರೀಕ್ಷಿಸಿದರು. ಸಹನೆ ನೂರು ಪಟ್ಟಾದರೂ ಹೆಚ್ಚಿಸಬಹುದು, ಆದರೆ ಪ್ರಮಾಣ ಮೀರಿದರೆ ಅಪಾಯ ಎಂದು 1911ರ ಜೂನ್‌ನಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು.

ಅಷ್ಟರಲ್ಲಿ ಕ್ಷಯ ಅವರನ್ನು ಹಿಡಿದಿತ್ತು. ಸಹೋದ್ಯೋಗಿ ಜಾನ್ ಫ್ರೀಮನ್ ಕೆಲಸ ಮುಂದುವರಿಸಿದರು. 1913ರಲ್ಲಿ, 35ರ ವಯಸ್ಸಿನಲ್ಲಿ, ನೂನ್ ತೀರಿಕೊಂಡರು. ಅದೇ ಆಸ್ಪತ್ರೆಯ ವಿಲಿಯಂ ಫ್ರ್ಯಾಂಕ್‌ಲ್ಯಾಂಡ್ ಜೊತೆಗಾರರೊಂದಿಗೆ ಹೋಲಿಕೆಯ ಪ್ರಯೋಗ ನಡೆಸಿ ಈ ಮದ್ದು ನಿಜವಾಗಿ ಕೆಲಸ ಮಾಡುತ್ತದೆಂದು ತೋರಿಸಿದ್ದು 1954ರಲ್ಲಿ.

ನೂನ್ ಅವರ ಸಿದ್ಧಾಂತ ಮಾತ್ರ ತಪ್ಪು. ಪರಾಗ ವಿಷವಲ್ಲ, ದೇಹವೇ ಅದನ್ನು ಶತ್ರುವೆಂದು ಭ್ರಮಿಸುತ್ತದೆ. ಅಲರ್ಜಿಯವರ ಮಾಸ್ಟ್ ಕೋಶಗಳ ಮೇಲೆ ಐಜಿಇ ಎಂಬ ಪ್ರತಿಕಾಯಗಳು ಕಾದು ಕೂತಿರುತ್ತವೆ. ಪರಾಗ ತಗುಲಿದೊಡನೆ ಕೋಶ ಹಿಸ್ಟಮಿನ್ ಸುರಿಸುತ್ತದೆ. ಸೀನು, ತುರಿಕೆ, ನೀರು. ಈ ಐಜಿಇ ಪತ್ತೆಯಾದದ್ದೇ 1960ರ ದಶಕದಲ್ಲಿ. ಏರುವ ಪ್ರಮಾಣದ ಮದ್ದು ಬೀಳುತ್ತ ಹೋದಂತೆ ಕೆರಳಿದ ರೋಗನಿರೋಧಕ ವ್ಯವಸ್ಥೆಯನ್ನು ತಣಿಸುವ ನಿಯಂತ್ರಕ ಟಿ ಕೋಶಗಳು ಹೆಚ್ಚುತ್ತವೆ. ಐಜಿಜಿ4 ಎಂಬ ಬೇರೆ ಪ್ರತಿಕಾಯ ಹುಟ್ಟಿ, ಐಜಿಇಗೆ ಸಿಗುವ ಮೊದಲೇ ಪರಾಗವನ್ನು ಹಿಡಿದುಕೊಳ್ಳುತ್ತದೆ. ಈ ಪಾಠ ದೇಹಕ್ಕೆ ಗಟ್ಟಿಯಾಗಲು ಮೂರರಿಂದ ಐದು ವರ್ಷ ಬೇಕು.

ನಮ್ಮವರು ಎಡವುವುದು ಇಲ್ಲೇ. ಟ್ರಾನ್ಸ್‌ಫರ್ ಬಂತು, ಕಂಪನಿ ಬದಲಾಯಿತು, ಮದ್ದು ಅರ್ಧಕ್ಕೆ ನಿಂತಿತು. ಹೊರಡುವಾಗ ಡೋಸಿನ ಚೀಟಿ ಜೊತೆಗಿರಲಿ. ನಡುವೆ ಬಿಡುವಾಗಿದ್ದರೆ ಹೊಸ ವೈದ್ಯರು ಪ್ರಮಾಣ ಇಳಿಸಿಯೇ ಶುರುಮಾಡಬೇಕಾದೀತು. ಇಂಜೆಕ್ಷನ್ ಆದಮೇಲೆ ಕ್ಲಿನಿಕ್ಕಿನಲ್ಲಿ ಅರ್ಧ ಗಂಟೆ ಕೂರಿಸುವುದೂ ನೂನ್ ಎಚ್ಚರಿಸಿದ್ದ ಅಪಾಯಕ್ಕಾಗಿಯೇ.