ಗರ್ಭಿಣಿಯರ ರಕ್ತಹೀನತೆಗೆ ಮದ್ದು ಹುಡುಕಿದ ಲೂಸಿ ವಿಲ್ಸ್

ಗರ್ಭಿಣಿಯರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ನೀಡುವ ಕಬ್ಬಿಣಾಂಶದ ಮಾತ್ರೆಯಲ್ಲಿ ಫೋಲಿಕ್ ಆಮ್ಲವೂ ಸೇರಿರುತ್ತದೆ. ಈ ಎರಡನೆಯ ಅಂಶದ ಶೋಧಕ್ಕೆ ದಾರಿ ತೆರೆದದ್ದು ಮುಂಬಯಿಯ ಬಡ ಗರ್ಭಿಣಿಯರ ನಡುವೆ ನಡೆದ ಒಂದು ಸಂಶೋಧನೆ. ಅದನ್ನು ಕೈಗೊಂಡ ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್ ಅವರ ಹೆಸರು ವೈದ್ಯಕೀಯ ಇತಿಹಾಸದಲ್ಲಿ ಸುಪರಿಚಿತ. ಆದರೆ ಅವರು ದುಡಿದ ನಮ್ಮ ದೇಶದಲ್ಲಿ ಅವರ ನೆನಪು ಅಷ್ಟಾಗಿ ಉಳಿದಿಲ್ಲ.

ಲೂಸಿ ಹುಟ್ಟಿದ್ದು 1888ರಲ್ಲಿ, ಬರ್ಮಿಂಗ್‌ಹ್ಯಾಮ್ ಸಮೀಪದ ಸಟ್ಟನ್ ಕೋಲ್ಡ್‌ಫೀಲ್ಡ್‌ನಲ್ಲಿ. ಕೇಂಬ್ರಿಡ್ಜ್‌ನ ನ್ಯೂನ್‌ಹ್ಯಾಮ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಮತ್ತು ಭೂಗರ್ಭಶಾಸ್ತ್ರವನ್ನು ಅಭ್ಯಾಸ ಮಾಡಿದರು. ಮಹಿಳೆಯರು ಪರೀಕ್ಷೆ ಬರೆಯಬಹುದಾಗಿದ್ದರೂ ಆ ವಿಶ್ವವಿದ್ಯಾಲಯ ಅವರಿಗೆ ಪೂರ್ಣ ಪದವಿ ಕೊಡುತ್ತಿರಲಿಲ್ಲ. ಮೊದಲ ಮಹಾಯುದ್ಧ ಆರಂಭವಾದಾಗ ದಕ್ಷಿಣ ಆಫ್ರಿಕಾದಲ್ಲಿದ್ದ ಅವರು ಕೇಪ್‌ಟೌನಿನಲ್ಲಿ ಸ್ವಯಂಸೇವಕಿಯಾಗಿ ರೋಗಿಗಳ ಶುಶ್ರೂಷೆ ಮಾಡಿದರು. ಬಳಿಕ ಲಂಡನ್ನಿನ ಮಹಿಳಾ ವೈದ್ಯಕೀಯ ಕಾಲೇಜನ್ನು ಸೇರಿ 1920ರಲ್ಲಿ ವೈದ್ಯರಾದರು. ಖಾಸಗಿ ವೃತ್ತಿಯ ಕಡೆಗೆ ಹೋಗದೆ ರಾಯಲ್ ಫ್ರೀ ಆಸ್ಪತ್ರೆಯ ಪ್ರಯೋಗಾಲಯವನ್ನು ಆಯ್ದುಕೊಂಡರು.

ಅವರು ಭಾರತಕ್ಕೆ ಬಂದದ್ದು 1928ರಲ್ಲಿ. ಇಲ್ಲಿನ ತಾಯಂದಿರ ಮರಣದ ಕಾರಣಗಳನ್ನು ಅರಸುತ್ತಿದ್ದ ವೈದ್ಯೆ ಮಾರ್ಗರೆಟ್ ಬಾಲ್ಫರ್ ಅವರ ಒತ್ತಾಸೆ ಇದಕ್ಕೆ ಕಾರಣ. ಮುಂಬಯಿಯ ಹಾಫ್‌ಕಿನ್ ಸಂಸ್ಥೆ ಅವರ ಕಾರ್ಯಕ್ಷೇತ್ರವಾಯಿತು. ಗರ್ಭ ಬಲಿಯುತ್ತಿದ್ದಂತೆ ಮಹಿಳೆಯರು ಬಿಳಿಚಿಕೊಂಡು, ನಿತ್ರಾಣರಾಗಿ, ಅನೇಕ ವೇಳೆ ಪ್ರಾಣವನ್ನೇ ಕಳೆದುಕೊಳ್ಳುವ ತೀವ್ರ ರಕ್ತಹೀನತೆ ಅಲ್ಲಿ ವ್ಯಾಪಕವಾಗಿತ್ತು. ಈ ರೋಗಿಗಳ ಕೆಂಪು ರಕ್ತಕಣಗಳು ಸಂಖ್ಯೆಯಲ್ಲಿ ಕಡಿಮೆಯಿದ್ದರೂ ಗಾತ್ರದಲ್ಲಿ ಸಾಮಾನ್ಯಕ್ಕಿಂತ ದೊಡ್ಡವಾಗಿದ್ದವು. ಕಬ್ಬಿಣಾಂಶದ ಕೊರತೆಯಿಂದ ಕಣಗಳು ಕುಗ್ಗುತ್ತವೆಯೇ ಹೊರತು ಹಿಗ್ಗುವುದಿಲ್ಲ. ಆದ್ದರಿಂದ ಇದು ಬೇರೆಯೇ ಸಮಸ್ಯೆ ಎಂಬುದು ಸ್ಪಷ್ಟವಾಗಿತ್ತು.

ಲೂಸಿ ಮೊದಲು ಸೋಂಕಿನ ಸಾಧ್ಯತೆಯನ್ನು ಪರೀಕ್ಷಿಸಿದರು. ಅದರಿಂದ ಉತ್ತರ ಸಿಗದಿದ್ದಾಗ ಅವರ ಗಮನ ರೋಗಿಗಳ ಊಟದ ತಟ್ಟೆಯತ್ತ ಹೊರಳಿತು. ಯಾವ ಸಮುದಾಯದ, ಯಾವ ಆರ್ಥಿಕ ಸ್ಥಿತಿಯ ಮಹಿಳೆಯರು ಏನನ್ನು ತಿನ್ನುತ್ತಾರೆ ಎಂಬ ವಿವರಗಳನ್ನು ಕಲೆಹಾಕಿದರು. ಸೊಪ್ಪು, ಹಣ್ಣು, ಹಾಲುಗಳು ಅಪರೂಪವಾಗಿದ್ದ ಬಡ ಮುಸ್ಲಿಂ ಕುಟುಂಬಗಳಲ್ಲಿ ಈ ರೋಗ ಹೆಚ್ಚಾಗಿತ್ತು. ರೋಗದ ಮೂಲ ಬಡತನದ ಆಹಾರದಲ್ಲಿದೆ ಎಂಬ ಅನುಮಾನಕ್ಕೆ ಆಧಾರ ದೊರೆತದ್ದು ಹೀಗೆ.

ಅನುಮಾನವನ್ನು ಸಾಬೀತುಪಡಿಸಲು ಅದೇ ಬಗೆಯ ಆಹಾರವನ್ನು ಇಲಿಗಳಿಗೆ ಕೊಟ್ಟು ನೋಡಿದರು. ಇಲಿಗಳಿಗೂ ರಕ್ತಹೀನತೆ ಬಂತು. ಆದರೆ ಹೇನುಗಳ ಮೂಲಕ ಹರಡುವ ಒಂದು ಸೋಂಕೂ ಅವುಗಳಿಗೆ ತಗುಲಿದ್ದರಿಂದ ಆ ಪ್ರಯೋಗದ ಫಲಿತಾಂಶ ಗೊಂದಲಕ್ಕೊಳಗಾಯಿತು. ಎದೆಗುಂದದೆ ಪ್ರಯೋಗವನ್ನು ಮಂಗಗಳ ಮೇಲೆ ಮುಂದುವರಿಸಿದರು. ನೀಲಗಿರಿಯ ಕುನೂರಿನಲ್ಲಿದ್ದ ಪಾಶ್ಚರ್ ಸಂಸ್ಥೆಯಲ್ಲಿಯೂ, ಮದ್ರಾಸಿನ ಗೋಷಾ ಆಸ್ಪತ್ರೆಯಲ್ಲಿಯೂ ಕೆಲಸ ಮಾಡಿದರು. ಕಾಯಿಲೆ ಬಿದ್ದ ಮಂಗಕ್ಕೆ ಮಾರ್ಮೈಟ್ ಎಂಬ ಯೀಸ್ಟ್ ಸಾರವನ್ನು ತಿನ್ನಿಸಿದಾಗ ಅದು ಚೇತರಿಸಿಕೊಂಡಿತು. ಅದನ್ನೇ ಗರ್ಭಿಣಿಯರಿಗೆ ಕೊಟ್ಟಾಗ ದೊರೆತ ಫಲ ಬೆರಗು ಹುಟ್ಟಿಸುವಂತಿತ್ತು. 1931ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಇದರ ಆರ್ಥಿಕ ಮಹತ್ವವನ್ನು ಗಮನಿಸಬೇಕು. ಅಂದು ಇಂಥ ರಕ್ತಹೀನತೆಗೆ ತಿಳಿದಿದ್ದ ಚಿಕಿತ್ಸೆ ಪ್ರಾಣಿಗಳ ಯಕೃತ್ತು ಮತ್ತು ಅದರ ಸಾರ. ಬಡವರಿಗೆ ಅದು ಎಟುಕುವಂತಿರಲಿಲ್ಲ. ಮಾರ್ಮೈಟ್ ತಯಾರಾಗುತ್ತಿದ್ದುದು ಬಿಯರ್ ಕಾರ್ಖಾನೆಗಳಲ್ಲಿ ಉಳಿಯುವ ಯೀಸ್ಟಿನಿಂದ. ಅಗ್ಗದ ವಸ್ತುವೊಂದು ಜೀವ ಉಳಿಸಬಲ್ಲದೆಂದು ಲೂಸಿ ತೋರಿಸಿಕೊಟ್ಟರು.

ಆ ಸಾರದೊಳಗಿನ ಅಜ್ಞಾತ ಪದಾರ್ಥವನ್ನು ವಿಜ್ಞಾನಿಗಳು ವಿಲ್ಸ್ ಅಂಶ ಎಂದು ಕರೆದರು. 1941ರಲ್ಲಿ ಅಮೆರಿಕದ ಸಂಶೋಧಕರು ಪಾಲಕ್ ಸೊಪ್ಪಿನಿಂದ ಒಂದು ಆಮ್ಲವನ್ನು ಬೇರ್ಪಡಿಸಿ, ಎಲೆ ಎಂಬರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಫೋಲಿಕ್ ಆಮ್ಲ ಎಂದು ಹೆಸರಿಟ್ಟರು. 1945ರಲ್ಲಿ ಅದನ್ನು ಕೃತಕವಾಗಿ ತಯಾರಿಸಿದ್ದು ಅಮೆರಿಕದ ಲೆಡರ್ಲಿ ಪ್ರಯೋಗಾಲಯ. ಅಲ್ಲಿ ಸಂಶೋಧನೆಯ ನೇತೃತ್ವ ವಹಿಸಿದ್ದವರು ಆಂಧ್ರದವರಾದ ಯಲ್ಲಾಪ್ರಗಡ ಸುಬ್ಬರಾವ್.

ಲಂಡನ್ನಿಗೆ ಮರಳಿದ ಲೂಸಿ 1947ರಲ್ಲಿ ನಿವೃತ್ತರಾಗುವವರೆಗೂ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ದುಡಿದರು. ಅವಿವಾಹಿತರಾಗಿಯೇ ಉಳಿದ ಅವರು ನಿವೃತ್ತಿಯ ನಂತರವೂ ಪೌಷ್ಟಿಕತೆಯ ಅಧ್ಯಯನಕ್ಕಾಗಿ ಜಮೈಕಾ, ಫಿಜಿಗಳಿಗೆ ಹೋಗಿಬಂದರು. ಚೆಲ್ಸಿಯಲ್ಲಿ ಲೇಬರ್ ಪಕ್ಷದ ಕೌನ್ಸಿಲರ್ ಆಗಿಯೂ ಸೇವೆ ಸಲ್ಲಿಸಿದರು. 1964ರ ಏಪ್ರಿಲ್‌ನಲ್ಲಿ ನಿಧನರಾದರು. ಗರ್ಭಧಾರಣೆಗೆ ಮುಂಚಿನಿಂದಲೇ ಫೋಲಿಕ್ ಆಮ್ಲ ಸೇವಿಸಿದರೆ ಮಗುವಿನ ಮೆದುಳು ಮತ್ತು ಬೆನ್ನುಹುರಿಯ ಜನ್ಮಜಾತ ದೋಷಗಳನ್ನು ಬಹುಮಟ್ಟಿಗೆ ತಡೆಯಬಹುದೆಂದು 1991ರಲ್ಲಿ ದೃಢಪಟ್ಟಿತು. ಅದನ್ನು ಕಾಣಲು ಅವರಿರಲಿಲ್ಲ.

ಅವರ ಬದುಕಿನಿಂದ ನಾವು ಕಲಿತದ್ದೇನು? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇ 52.2ರಷ್ಟು, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 67.1ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ಕರ್ನಾಟಕದ ಗರ್ಭಿಣಿಯರಲ್ಲಿ ಈ ಪ್ರಮಾಣ ಶೇ 45.7. ಎಲ್ಲಕ್ಕೂ ಫೋಲಿಕ್ ಆಮ್ಲದ ಕೊರತೆಯೇ ಕಾರಣವಲ್ಲ. ಕಬ್ಬಿಣಾಂಶದ ಕೊರತೆಯ ಪಾಲೂ ದೊಡ್ಡದು. ಆದರೆ ಎರಡಕ್ಕೂ ಮದ್ದು ತಿಳಿದಿದೆ, ಅದರ ಬೆಲೆಯೂ ಅಲ್ಪ. ಮಾತ್ರೆ ವಿತರಣೆಯ ರಾಷ್ಟ್ರೀಯ ಕಾರ್ಯಕ್ರಮ 1970ರಲ್ಲೇ ಆರಂಭವಾಯಿತು. ಜಿಲ್ಲಾ ಪರಿಶೀಲನಾ ಸಭೆಗಳಲ್ಲಿ ಕುಳಿತವರಿಗೆ ತಿಳಿದಿರುವಂತೆ, ಎಷ್ಟು ಮಾತ್ರೆ ಹಂಚಿದೆವು ಎಂಬುದಕ್ಕೆ ಲೆಕ್ಕವಿರುತ್ತದೆ; ಎಷ್ಟು ಮಂದಿ ನುಂಗಿದರು ಎಂಬುದಕ್ಕೆ ಇರುವುದಿಲ್ಲ. ವಾಕರಿಕೆ ಬಂದು ಮಾತ್ರೆ ಬಿಟ್ಟವಳ ಮನೆಗೆ ಹೋಗಿ ವಿಚಾರಿಸುವ ಕೆಲಸ ಯಾವ ನಮೂನೆಯಲ್ಲೂ ದಾಖಲಾಗುವುದಿಲ್ಲ.

ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ನೀಡುವ ಮಾತೃಪೂರ್ಣ ಯೋಜನೆಯನ್ನು ಕರ್ನಾಟಕ 2017ರಲ್ಲಿ ಆರಂಭಿಸಿದ್ದು ಸರಿಯಾದ ದಿಕ್ಕಿನ ಹೆಜ್ಜೆ. ಆದರೆ ಮಲೆನಾಡಿನ ಚದುರಿದ ಮನೆಗಳಿಂದ ತುಂಬು ಗರ್ಭಿಣಿ ದಿನವೂ ಅಂಗನವಾಡಿಗೆ ನಡೆದು ಬರುವುದು ಸುಲಭವಲ್ಲ. ಮೇಲಾಗಿ ಮಗುವಿನ ಬೆನ್ನುಹುರಿ ರೂಪುಗೊಳ್ಳುವುದು ಮೊದಲ ನಾಲ್ಕು ವಾರಗಳಲ್ಲಿ. ತಾನು ಗರ್ಭಿಣಿಯೆಂದು ಅನೇಕರಿಗೆ ಆಗಿನ್ನೂ ತಿಳಿದಿರುವುದೇ ಇಲ್ಲ. ಆದ್ದರಿಂದ ತಾಯಿ ಕಾರ್ಡು ಮಾಡಿಸಿದ ದಿನದಿಂದ ಆರಂಭವಾಗುವ ಕಾಳಜಿ ತಡವಾದ ಕಾಳಜಿ. ಅದು ಹದಿಹರೆಯದ ಹುಡುಗಿಯ ತಟ್ಟೆಯಿಂದಲೇ ಆರಂಭವಾಗಬೇಕು.

ನಮ್ಮ ಬಸ್ಸಾರಿನ ಸೊಪ್ಪು ಮತ್ತು ಕಾಳುಗಳಲ್ಲಿ ಫೋಲಿಕ್ ಆಮ್ಲದ ಸಹಜ ರೂಪವಿದೆ. ಬಸಿದ ನೀರಿಗೆ ಇಳಿದ ಅಂಶವೂ ಸಾರಿನಲ್ಲಿ ಉಳಿಯುತ್ತದೆ. ಆದರೆ ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಉಣ್ಣುವ ಸೊಸೆಗೆ ಪಾತ್ರೆಯ ತಳದಲ್ಲಿ ಏನು ಉಳಿದಿರುತ್ತದೆ ಎಂಬುದೇ ಪ್ರಶ್ನೆ. ತೊಂಬತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಮುಂಬಯಿಯಲ್ಲಿ ಲೂಸಿ ವಿಲ್ಸ್ ಕೇಳಿದ್ದೂ ಇದೇ ಬಗೆಯ ಪ್ರಶ್ನೆಯನ್ನು. ಅಂಕಿಅಂಶಗಳ ಜೊತೆಗೆ ಅದನ್ನೂ ಕೇಳುವ ವ್ಯವಧಾನ ನಮ್ಮ ಆಡಳಿತಕ್ಕೂ ಕುಟುಂಬಗಳಿಗೂ ಬರಬೇಕಾಗಿದೆ.