ವೆಲ್ಡಿಂಗ್ ರಾಡಿಗೆ ಅಂಗಿ ತೊಡಿಸಿದ ಆಸ್ಕರ್ ಶೆಲ್‌ಬರ್ಗ್

ಫಸ್ಟ್ ಇಯರ್ ವರ್ಕ್‌ಶಾಪ್‌ನಲ್ಲಿ ಎಲ್ಲರೂ ಮಾಡಿದ ಕೆಲಸ ಇದು. ಬೆಸುಗೆ ಹಾಕಿ ಮುಗಿದ ಮೇಲೆ ಚಿಪ್ಪಿಂಗ್ ಹ್ಯಾಮರ್‌ನಿಂದ ಕುಟ್ಟಿ, ಮೇಲಿನ ಕಪ್ಪು ಚಿಪ್ಪನ್ನು ಉದುರಿಸೋದು. ಆ ಸ್ಲ್ಯಾಗ್ ಯಾಕೆ ಬರುತ್ತೆ ಅಂತ ವೈವಾದಲ್ಲಿ ಕೇಳಿದ್ರೆ ಅರ್ಧ ಜನ ತಡವರಿಸ್ತೀವಿ. ಅದರ ಉತ್ತರ ಒಬ್ಬ ಮನುಷ್ಯನ ಬದುಕಿನಲ್ಲಿದೆ.

ಆಸ್ಕರ್ ಶೆಲ್‌ಬರ್ಗ್ ಹುಟ್ಟಿದ್ದು 1870ರಲ್ಲಿ, ಸ್ವೀಡನ್ನಿನ ವರ್ಮ್‌ಲ್ಯಾಂಡ್ ಪ್ರಾಂತ್ಯದಲ್ಲಿ. ಎಂಜಿನಿಯರ್ ಆಗಿ ಉಗಿ ಹಡಗುಗಳಲ್ಲಿ ಕೆಲಸ ಮಾಡಿದರು. ಆಗಿನ ಬಾಯ್ಲರ್ ಅಂದರೆ ರಿವೆಟ್ ಹೊಡೆದು ಜೋಡಿಸಿದ ಉಕ್ಕಿನ ಹಾಳೆಗಳು. ಕಾಯುವುದು, ತಣಿಯುವುದು, ಮೇಲೆ ಉಗಿಯ ಒತ್ತಡ. ಇದೆಲ್ಲ ಸೇರಿ ಜೋಡಣೆಯ ಜಾಗ ಸೋರುತ್ತಿತ್ತು, ಹಾಳೆ ಸೀಳು ಬಿಡುತ್ತಿತ್ತು. ಹಾಳೆಯ ಅಂಚನ್ನು ಬಡಿದು ಬಿಗಿ ಮಾಡಿದರೂ ಸೋರಿಕೆ ಮತ್ತೆ ಶುರುವಾಗುತ್ತಿತ್ತು. ರಿಪೇರಿಗೆಂದು ಹಡಗು ಬಂದರಿನಲ್ಲಿ ನಿಂತರೆ ದಿನದಿನವೂ ನಷ್ಟ.

ವಿದ್ಯುತ್ ಆರ್ಕ್‌ನಿಂದ ಲೋಹ ಕರಗಿಸಿ ಬೆಸೆಯೋದು ಆಗಲೇ ಗೊತ್ತಿತ್ತು. ರಷ್ಯಾ ಸಾಮ್ರಾಜ್ಯದಲ್ಲಿ ಬೆನಾರ್ಡೋಸ್ 1880ರ ದಶಕದಲ್ಲಿ ಇಂಗಾಲದ ಕಡ್ಡಿಯಿಂದ ಆರ್ಕ್ ಹೊತ್ತಿಸಿದ್ದರು. ಆಮೇಲೆ ಸ್ಲಾವ್ಯಾನೋವ್ ಲೋಹದ ಕಡ್ಡಿಯನ್ನೇ ಕರಗಿಸಿ ತುಂಬಿದರು. ಆದರೆ ಬರೀ ತಂತಿಯ ಬೆಸುಗೆಗೆ ಒಂದು ದೊಡ್ಡ ರೋಗವಿತ್ತು. ಕರಗಿದ ಕಬ್ಬಿಣ ಗಾಳಿಯ ಆಮ್ಲಜನಕ, ಸಾರಜನಕ ಎರಡನ್ನೂ ಹೀರಿಕೊಳ್ಳುತ್ತೆ. ತಣಿದ ಮೇಲೆ ಒಳಗೆ ತೂತುಗಳು, ಜೊತೆಗೆ ಪೆಡಸುತನ. ನೋಡೋಕೆ ಸೀಳು ಮುಚ್ಚಿದೆ, ಒತ್ತಡ ಬಿದ್ದರೆ ಮತ್ತೆ ಬಾಯಿ ಬಿಡುತ್ತೆ. ಬಾಯ್ಲರ್‌ನಲ್ಲಿ ಹಾಗಾದರೆ ಹೋಗೋದು ಜೀವ.

ಶೆಲ್‌ಬರ್ಗ್ ಹಿಡಿದ ದಾರಿ ಸರಳ. ಕಬ್ಬಿಣದ ತಂತಿಯ ತುಂಡುಗಳನ್ನು ಕಾರ್ಬೊನೇಟ್ ಮತ್ತು ಸಿಲಿಕೇಟ್‌ಗಳ ಗಟ್ಟಿ ಮಿಶ್ರಣದಲ್ಲಿ ಅದ್ದಿ ಒಣಗಿಸಿದರು. ಆರ್ಕ್ ಹೊತ್ತಿದಾಗ ಈ ಲೇಪ ಸುಟ್ಟು ಅನಿಲ ಬಿಡುತ್ತೆ, ಗಾಳಿಯನ್ನು ಆಚೆ ತಳ್ಳುತ್ತೆ. ಉಳಿದದ್ದು ಕರಗಿ, ಬಿಸಿ ಲೋಹದ ಮೇಲೆ ಹೊದಿಕೆಯಾಗುತ್ತೆ. ನಾವು ಕುಟ್ಟಿ ಬಿಸಾಕೋ ಸ್ಲ್ಯಾಗ್ ಅದೇ! ಆರ್ಕ್ ಕೂಡ ನಡುಗದೆ ನಿಲ್ಲುತ್ತೆ. 1904ರಲ್ಲಿ ಅವರು ಯೊಟೆಬೊರಿ ನಗರದಲ್ಲಿ ಕಂಪನಿ ಕಟ್ಟಿದರು. ಅದರ ಸ್ವೀಡಿಷ್ ಹೆಸರಿನ ಮೊದಲಕ್ಷರಗಳೇ ಇಸಾಬ್. ನಮ್ಮೂರ ಹಾರ್ಡ್‌ವೇರ್ ಅಂಗಡಿಯ ರಾಡ್ ಪ್ಯಾಕೆಟ್ ಮೇಲೆ ಈಗಲೂ ಕಾಣೋ ಹೆಸರು. ಲೇಪವಿರುವ ರಾಡಿಗೆ 1907ರಲ್ಲಿ ಸ್ವೀಡನ್ನಿನ ಪೇಟೆಂಟ್ ಸಿಕ್ಕಿತು.

ರಿಪೇರಿಗೆ ಹುಟ್ಟಿದ ವಿದ್ಯೆ ಅಲ್ಲಿಗೇ ನಿಲ್ಲಲಿಲ್ಲ. 1920ರಲ್ಲಿ ಇಸಾಬ್ ಕಂಪನಿ ಒಂದು ಪುಟ್ಟ ದೋಣಿಯನ್ನೇ ಪೂರ್ತಿ ಬೆಸುಗೆಯಿಂದ ಕಟ್ಟಿ ತೋರಿಸಿತು. 1922ರಲ್ಲಿ ಶೆಲ್‌ಬರ್ಗ್ ಜರ್ಮನಿಯ ಫಿನ್‌ಸ್ಟರ್‌ವಾಲ್ಡೆಯಲ್ಲೂ ಕಾರ್ಖಾನೆ ತೆರೆದರು. 1931ರಲ್ಲಿ ತೀರಿಕೊಂಡರು.

ಈಗ ಕಾರಿನ ಎಕ್ಸಾಸ್ಟ್ ಹೆಡರ್ ನೋಡಿ. ಎಂಜಿನ್ನಿನ ಪ್ರತಿ ಸಿಲಿಂಡರಿನ ಬಿಸಿ ಹೊಗೆಯನ್ನು ಒಟ್ಟುಗೂಡಿಸೋ ಪೈಪುಗಳ ಗುಂಪು ಅದು. ಅಲ್ಲೂ ಬಾಯ್ಲರ್ ಕಥೆಯೇ: ಕಾಯೋದು, ತಣಿಯೋದು, ಜೊತೆಗೆ ನಡುಕ. ಕೊನೆಗೆ ಪೈಪು ಕೂಡುವ ಮೂಲೆಯಲ್ಲಿ ಸೀಳು. ಸುಮ್ಮನೆ ಮೇಲೊಂದು ಗೆರೆ ಎಳೆದರೆ ಅದು ರಿಪೇರಿ ಅಲ್ಲ. ಸೀಳಿನ ಎರಡೂ ತುದಿಗೆ ಸಣ್ಣ ತೂತು ಕೊರೆದರೆ ಅದು ಮುಂದೆ ಹರಿಯಲ್ಲ. ಮಸಿ, ತುಕ್ಕು, ಎಣ್ಣೆ ಪೂರ್ತಿ ಉಜ್ಜಿ ತೆಗೆದು, ಸೀಳನ್ನು ವಿ ಆಕಾರಕ್ಕೆ ಗ್ರೈಂಡ್ ಮಾಡಿ, ಆಮೇಲೆ ಬೆಸೀಬೇಕು. ಸ್ಟೇನ್‌ಲೆಸ್ ಸ್ಟೀಲಿನ ತೆಳು ಪೈಪಾದರೆ ಟಿಗ್ ವೆಲ್ಡಿಂಗ್ ಒಳ್ಳೇದು. ಪೈಪಿನ ಒಳಗೂ ಆರ್ಗಾನ್ ತುಂಬಬೇಕು, ಇಲ್ಲದಿದ್ದರೆ ಒಳಮೈ ಸುಟ್ಟು ಹರಳುಗಟ್ಟುತ್ತೆ. ಲೇಪದ ಬದಲು ಆರ್ಗಾನ್ ಬಂದಿದೆ, ಅಷ್ಟೇ. ಕರಗಿದ ಲೋಹಕ್ಕೆ ಗಾಳಿ ತಾಗಿಸಬಾರದು ಅನ್ನೋ ಪಾಠ ಅದೇ.

ಮುಂದಿನ ಸಲ ಲ್ಯಾಬಿನಲ್ಲಿ ನೆಲದ ಮೇಲೆ ರಾಡು ಬಿದ್ದು ಲೇಪ ಉದುರಿದ್ದರೆ, ಅದನ್ನು ಹೋಲ್ಡರಿಗೆ ಸಿಕ್ಕಿಸಬೇಡಿ. ಲೇಪ ಹೋದ ರಾಡು ಅಂದರೆ ಶೆಲ್‌ಬರ್ಗ್‌ಗಿಂತ ಹಿಂದಿನ ಕಾಲದ ಬರೀ ತಂತಿ.